ನಮ್ಮ ಉಪ್ಪು ತಿಂದವರು

ನಮ್ಮೂರಿನ ಪೇಟೆಯವರ ಮನೆಯಲ್ಲಿ ನಾನು ಉಪ್ಪು ಮುಟ್ಟುವುದಿಲ್ಲ. ಮದುವೆಗೆ ಕರೆದರೆ ಹೋಗುತ್ತೇನೆ. ಸುರಪುರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಕುಬಸ ಹೊಲಿದುಕೊಟ್ಟ ಹುಡುಗಿಯ ಮದುವೆಗೆ ಹೋಗದಿದ್ದರೆ ಮುಂದೆ ಆ ಮನೆಯ ಬಟ್ಟೆಯೆಲ್ಲ ಬೇರೆ ಅಂಗಡಿಯ ಪಾಲಾಗುತ್ತದೆ. ಪಂಕ್ತಿಯಲ್ಲಿ ಕೂತು ಸಿಹಿ ಬೂಂದಿ ಹಾಕಿಸಿಕೊಳ್ಳುತ್ತೇನೆ, ಒಂದು ಬಾಳೆಹಣ್ಣು ತಿನ್ನುತ್ತೇನೆ, ಎದ್ದು ಬರುತ್ತೇನೆ. ಅನ್ನ ಸಾರಿಗೆ ಕೈ ಹಾಕುವುದಿಲ್ಲ. "ಯಾಕವ್ವಾ, ಏನೂ ಉಣ್ಣಲಿಲ್ಲಲ್ಲ" ಎಂದು ಯಾರಾದರೂ ಕೇಳಿದರೆ ಬಿ.ಪಿ. ಇದೆ ಎನ್ನುತ್ತೇನೆ. ನನಗೆ ಬಿ.ಪಿ. ಇಲ್ಲ. ಸಿಟ್ಟಿದೆ.

ಆ ಸಿಟ್ಟಿನ ಬುಡ ಎಲ್ಲಿದೆ ಎಂದರೆ ಒಂದು ಬೋಳು ದಿಬ್ಬದಲ್ಲಿದೆ. ನಮ್ಮೂರು ಕೃಷ್ಣೆಯ ದಂಡೆಯಲ್ಲಿದೆ. ತಿಂಥಣಿಗೆ ಹೋಗುವ ಭಕ್ತರು ನಮ್ಮೂರಲ್ಲಿ ಚಹಾ ಕುಡಿಯಲು ಇಳಿಯುತ್ತಿದ್ದರೇ ಹೊರತು ಊರು ನೋಡಲು ಯಾರೂ ಇಳಿಯುತ್ತಿರಲಿಲ್ಲ. ಬೇಸಿಗೆಯಲ್ಲಿ ಹೊಳೆ ಹಿಂದೆ ಸರಿದಾಗ ದಂಡೆಯ ಸವಳು ನೆಲದ ಮೇಲೆ ಬೆಳ್ಳಗೆ ಒಂದು ಪದರು ಏಳುತ್ತದೆ. ನಮ್ಮ ಹಿರಿಯರು ಅದನ್ನು ಕೆರೆದು ಬುಟ್ಟಿಯಲ್ಲಿ ಹೊತ್ತು ತಂದು, ಗುಂಡಿಯಲ್ಲಿ ಜೊಂಡು ಹಾಸಿ ಅದರ ಮೇಲೆ ತುಂಬಿ, ಹೊಳೆಯ ನೀರು ಸುರಿಯುತ್ತಿದ್ದರು. ಮಣ್ಣಿನ ಉಪ್ಪನ್ನೆಲ್ಲ ನೀರು ಹೀರಿಕೊಂಡು ಕೆಳಗಿನ ಗಡಿಗೆಗೆ ತೊಟ್ಟಿಕ್ಕುತ್ತಿತ್ತು. ಆ ನೀರನ್ನು ಗಚ್ಚಿನ ಕಣದಲ್ಲಿ ಬಿಸಿಲಿಗೆ ಹರಡಿದರೆ ಉಪ್ಪು. ಉಪ್ಪು ಕೊಟ್ಟ ಮಣ್ಣನ್ನು ಏನು ಮಾಡಬೇಕು? ಒಂದೇ ಜಾಗದಲ್ಲಿ ಚೆಲ್ಲುತ್ತಾ ಹೋದರು. ಎಷ್ಟು ತಲೆಮಾರು ಚೆಲ್ಲಿದರೋ ಗೊತ್ತಿಲ್ಲ, ಚೆಲ್ಲಿದ ಮಣ್ಣೇ ದಿಬ್ಬವಾಯಿತು. ದಿಬ್ಬದ ಮೇಲೆ ಅವರೇ ಮನೆ ಕಟ್ಟಿಕೊಂಡರು. ಅದು ನಮ್ಮ ಓಣಿ.

ದಿಬ್ಬದ ಮೇಲೆ ಒಂದು ಕಡ್ಡಿ ಹುಲ್ಲು ಹುಟ್ಟುವುದಿಲ್ಲ. ಮದುವೆಯಾಗಿ ಬಂದ ಹೊಸ ಸೊಸೆಯಂದಿರು ಒಂದು ತುಳಸಿಯನ್ನಾದರೂ ಬದುಕಿಸಿಕೊಳ್ಳಲು ಒದ್ದಾಡಿ ಕೈಬಿಡುತ್ತಿದ್ದರು. ಆದರೆ ಹೊಳೆ ಎಷ್ಟೇ ತುಂಬಿದರೂ, ಮೇಲಿನ ಡ್ಯಾಮಿನಿಂದ ಎಷ್ಟೇ ನೀರು ಬಿಟ್ಟರೂ, ದಿಬ್ಬದ ಮೇಲಿನ ನಮ್ಮ ಹೊಸ್ತಿಲು ಒದ್ದೆಯಾದದ್ದಿಲ್ಲ. ಪೇಟೆಯ ಮನೆಗಳ ಒಳಗೆ ಪಾತ್ರೆ ತೇಲುತ್ತಿರುವಾಗ ನಾವು ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದೆವು. ಆಗ ಮಾತ್ರ ಪೇಟೆಯವರಿಗೆ ನಮ್ಮ ನೆನಪಾಗುತ್ತಿತ್ತು. ಟ್ರಂಕು, ಹಾಸಿಗೆ, ಮುದುಕರು, ಮಕ್ಕಳು ಎಲ್ಲ ಹೊತ್ತುಕೊಂಡು ದಿಬ್ಬ ಹತ್ತಿ ಬರುತ್ತಿದ್ದರು. ನಮ್ಮ ಪಡಸಾಲೆಯಲ್ಲೇ ಮಲಗಿ, ನಮ್ಮ ತಾಟಿನಲ್ಲೇ ಉಂಡು, ನೀರು ಇಳಿದ ಮೇಲೆ ಮತ್ತೆ ನಮ್ಮನ್ನು "ಮಣ್ಣು ತೊಳಿಯೋ ಮಂದಿ" ಎಂದು ಕರೆಯಲು ಕೆಳಗೆ ಇಳಿದು ಹೋಗುತ್ತಿದ್ದರು.

ಉಪ್ಪು ಮಾಡುವುದು ನಾನು ಹುಟ್ಟುವ ಮೊದಲೇ ನಿಂತಿತ್ತು. ಸಮುದ್ರದ ಉಪ್ಪು ಅಗ್ಗವಾಗಿ ಬಂತು, ಆಮೇಲೆ ಪ್ಯಾಕೆಟ್ ಉಪ್ಪು ಬಂತು. ಅವ್ವ ಮದುವೆಯಾಗಿ ಬಂದ ಹೊಸತರಲ್ಲಿ ದನಗಳಿಗೆ ನೆಕ್ಕಿಸಲು, ಚರ್ಮ ಹದ ಮಾಡಲು ಮಾತ್ರ ಒಂದಿಷ್ಟು ಮಾಡುತ್ತಿದ್ದರಂತೆ. ಕಸುಬು ಹೋಯಿತು, ಕಸುಬಿನ ಕಟ್ಟಳೆ ಒಂದು ಉಳಿಯಿತು. ಒಬ್ಬರ ಮನೆಯ ಉಪ್ಪು ತಿಂದವರು ಆ ಮನೆಯ ಬಾಗಿಲಿಗೆ ಕೈ ಎತ್ತುವಂತಿಲ್ಲ, ಆ ಮನೆಯವರ ವಿರುದ್ಧ ಬಾಯಿ ಬಿಡುವಂತಿಲ್ಲ. ಬೇರೆಯವರಿಗೆ ಇದು ಬರಿ ಮಾತು, ನಮಗೆ ಕಾನೂನು. ಜಗಳಕ್ಕೆಂದು ಹೋದವನು ಎದುರಾಳಿಯ ಮನೆಯಲ್ಲಿ ನೀರು ಕುಡಿದಾನು, ಬೆಲ್ಲ ತಿಂದಾನು, ಉಪ್ಪಿದ್ದದ್ದನ್ನು ಮುಟ್ಟಲಾರ. ಹೆಣ್ಣು ನೋಡಲು ಬಂದವರು ಮಂಡಕ್ಕಿ ಒಗ್ಗರಣೆ ಮುಟ್ಟದೆ ಬರೀ ಚಹಾ ಕುಡಿದು ಎದ್ದರೆ ಸಂಬಂಧ ಒಲ್ಲೆ ಎಂದರ್ಥ. ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ನನ್ನನ್ನು ನೋಡಲು ಬಂದವರೂ ಹಾಗೆ ಎದ್ದು ಹೋಗಿದ್ದರು, ಅದು ಒಳ್ಳೆಯದೇ ಆಯಿತು.

ಇಂಥ ಊರಲ್ಲಿ ಒಂದು ದಿನ ಪರಂಪರೆ ಹುಟ್ಟಿತು. ಅಲ್ಲಿಯವರೆಗೆ ನಮ್ಮದು ಮಣ್ಣು, ಕೊಳಕು, ಬೋಳು ದಿಬ್ಬ. ಪೇಟೆಯ ನಾಲ್ಕು ಜನ ಸೇರಿ ಒಂದು ಸಮಿತಿ ಮಾಡಿಕೊಂಡ ಮರುದಿನದಿಂದ ಅದು "ನಮ್ಮೂರಿನ ಹೆಮ್ಮೆ". ಸಮಿತಿಯ ಅಧ್ಯಕ್ಷ ಕಿರಾಣಿ ಅಂಗಡಿಯ ಸಾಹುಕಾರ. ಪ್ಯಾಕೆಟ್ ಉಪ್ಪು ಮಾರಿಯೇ ಆ ಮನೆಯವರು ಮಣ್ಣಿನ ಮಾಳಿಗೆ ತೆಗೆದು ಆರ್‌ಸಿಸಿ ಹಾಕಿಸಿದ್ದು. ಚಿಕ್ಕವಳಿದ್ದಾಗ ಅವನ ಅಂಗಡಿಗೆ ಹೋದರೆ ಸಾಮಾನನ್ನು ಕೈಗೆ ಕೊಡುತ್ತಿರಲಿಲ್ಲ, ಕಟ್ಟೆಯ ಮೇಲೆ ಇಡುತ್ತಿದ್ದರು. ಈಗ ಅದೇ ಸಾಹುಕಾರ ಬಿಳಿ ಶರ್ಟು ಹಾಕಿಕೊಂಡು ದಿಬ್ಬ ಹತ್ತಿ ಬಂದು, ನಮ್ಮ ಪಾಳು ಗುಂಡಿಗಳ ಮುಂದೆ ನಿಂತು ಫೋಟೊ ಹೊಡೆಸಿಕೊಂಡ. "ಇದು ನಮ್ಮ ಪೂರ್ವಜರ ಬೆವರು" ಎಂದು ಫೋನಿನ ಮುಂದೆ ಹೇಳಿದ. ನಾನು ಬಾಗಿಲಲ್ಲೇ ನಿಂತಿದ್ದೆ. ಯಾರ ಪೂರ್ವಜರು ಸ್ವಾಮಿ ಎಂದು ಕೇಳಬೇಕೆನಿಸಿತು. ಅವ್ವ ಸೆರಗು ಹಿಡಿದು ಎಳೆದಳು.

ಮೊದಲು ಚೆನ್ನಾಗಿಯೇ ಮಾತಾಡಿದರು. ದಿಬ್ಬದ ಸುತ್ತ ತಂತಿ ಬೇಲಿ, ಒಳಗೆ ನಡೆದಾಡಲು ಕಲ್ಲುಹಾಸು, ಒಂದು ಗಾಜಿನ ಪೆಟ್ಟಿಗೆಯ ಕೋಣೆ, ದೊಡ್ಡ ಬೋರ್ಡು. ತಿಂಥಣಿಗೆ ಬರುವ ಜನ ಇಲ್ಲೂ ಬಂದು ನೋಡಿಕೊಂಡು ಹೋಗುತ್ತಾರೆ ಎಂದರು. ಕೊನೆಗೆ, ಕೆಮ್ಮಿ ಗಂಟಲು ಸರಿ ಮಾಡಿಕೊಂಡು, ಸಾಹುಕಾರ ನಿಜ ಸಂಗತಿಗೆ ಬಂದ.

"ಖರೆ ಹೇಳ್ಬೇಕಂದ್ರ ಮನಿ ಇದ್ರ ದಿಬ್ಬ ಕಾಣಂಗಿಲ್ಲರಿ. ತಗಡಿನ ಪತ್ರಾ, ಡಿಶ್ಶು, ಬಟ್ಟಿ ಒಣಗಿಸೋ ಹಗ್ಗ, ಇವೆಲ್ಲ ಫೋಟೊದಾಗ ಛಂದ ಬರಂಗಿಲ್ಲ. ನಿಮಗ ಕೆಳಗ ಕಾಲುವಿ ಬಾಜೂಕ ಜಾಗಾ ಕೊಡಸ್ತೀವಿ."

ಕಾಲುವೆಯ ಪಕ್ಕದ ಆ ಜಾಗ ನನಗೆ ಗೊತ್ತು. ತಗ್ಗು. ವರ್ಷದ ಮುಕ್ಕಾಲು ಭಾಗ ಕಪ್ಪೆ ಕೂಗುವ ನೆಲ. ಹೊಳೆ ಏರಿದರೆ ಮೊದಲು ಮುಳುಗುವುದೇ ಅದು. ಉಪ್ಪಿನವರ ದಿಬ್ಬವನ್ನು ಉಳಿಸಲು ಉಪ್ಪಿನವರನ್ನು ಇಳಿಸಬೇಕಂತೆ. ನನ್ನ ಮೈಯೆಲ್ಲ ಉರಿಯಿತು. ತಾಲೂಕು ಕಚೇರಿಗೆ ಹೋಗಿ ವಿಚಾರಿಸಿದೆ. ಕಾಗದದಲ್ಲಿ ದಿಬ್ಬ ಗಾಯರಾಣ, ಸರ್ಕಾರದ್ದು, ನಿಮ್ಮ ಹೆಸರಿನಲ್ಲಿ ಏನೂ ಇಲ್ಲ ಎಂದರು. ಅದು ಸುಳ್ಳಲ್ಲ. ಬುಟ್ಟಿ ಹೊತ್ತು ಬೆಟ್ಟ ಮಾಡಿದವರಿಗೆ ಅದನ್ನು ಹೆಸರಿಗೆ ಬರೆಸಿಕೊಳ್ಳಬೇಕೆಂಬ ಬುದ್ಧಿ ಹೊಳೆದಿರಲಿಲ್ಲ.

ನಮ್ಮ ಓಣಿಗೆ ಹಿರಿಯ ಎಂದರೆ ಕಾಕಾ, ನನ್ನ ಅಪ್ಪನ ತಮ್ಮ. ಅಪ್ಪ ಹೋದ ಮೇಲೆ ಓಣಿಯ ಮಾತು ಅವನದೇ. ಅವನು ಒಲ್ಲೆ ಎಂದಿದ್ದರೆ ಎಲ್ಲ ಮನೆಯವರೂ ಬೆನ್ನಿಗೆ ನಿಲ್ಲುತ್ತಿದ್ದರು. ಆದರೆ ಸಾಹುಕಾರ ಅವನನ್ನು ಮೊದಲೇ ಮನೆಗೆ ಕರೆದು, ಖುರ್ಚಿ ಹಾಕಿ ಕೂರಿಸಿ, ಒಗ್ಗರಣೆ ಮಿರ್ಚಿ ತಿನ್ನಿಸಿದ್ದ. ಆ ಮನೆಯ ಒಳಗಿನ ಖುರ್ಚಿಯಲ್ಲಿ ಕೂತ ನಮ್ಮವರಲ್ಲಿ ಕಾಕಾನೇ ಮೊದಲನೆಯವನು. ಕೂತ ಸಂತೋಷದಲ್ಲಿ ಬಾಯಿ ತೆರೆದ, ಬಾಯಿ ತೆರೆದದ್ದೇ ತಿಂದ, ತಿಂದ ಮೇಲೆ ಸಾಹುಕಾರ ದಿಬ್ಬದ ವಿಷಯ ತೆಗೆದ.

"ಏನ್ ಕಾಕಾ, ಏನೂ ಅನ್ನಲಿಲ್ಲೇನು ನೀ?" ಎಂದು ಅವನ ಕಟ್ಟೆಯ ಮುಂದೆ ನಿಂತು ಕೇಳಿದೆ.

"ಏನನ್ಲೆವ್ವಾ. ಅವರ ಉಪ್ಪು ತಿಂದು ಕುಂತಿದ್ದೆ."

"ಅವರಿಗೇನು ನಮ್ಮ ಕಟ್ಟಳಿ ಗೊತ್ತದ? ಅವರು ಹಸಿದು ಬಂದಾನಂತ ತಿನ್ಸ್ಯಾರ, ಅಷ್ಟ."

"ಅವರಿಗೆ ಗೊತ್ತಿಲ್ಲ. ನನಗ ಗೊತ್ತದಲ್ಲ" ಎಂದ ಕಾಕಾ.

ಅವನ ಮುಖ ನೋಡಿ ಒಂದು ಕ್ಷಣ ಕನಿಕರ ಬಂತು, ಮರುಕ್ಷಣವೇ ಹೋಯಿತು. ಒಂದು ತಟ್ಟೆ ಒಗ್ಗರಣೆಗೆ ಇಡೀ ಓಣಿಯ ನಾಲಿಗೆ ಕೊಟ್ಟು ಬಂದವನ ಮೇಲೆ ಎಂಥ ಕನಿಕರ? ಬಾಯಿಗೆ ಬಂದಂತೆ ಬೈದೆ. ಕಾಕಿ ಒಳಗಿನಿಂದ ಬಂದು ನನಗೂ ಸರಿಯಾಗಿ ಬೈದಳು. ಆಮೇಲೆ ಒಂದೊಂದೇ ಮನೆಯವರು ಗಂಟು ಕಟ್ಟತೊಡಗಿದರು. ಹಿರಿಯನೇ ಸುಮ್ಮನಿರುವಾಗ ನಾವೇನು ಮಾತಾಡುವುದು ಎಂದರು.

ಅವ್ವ ಗಂಟು ಕಟ್ಟಲಿಲ್ಲ. ಸಾಹುಕಾರ ಮತ್ತೆ ಬಂದಾಗ ಅವಳೇ ಎದುರಿಗೆ ಹೋದಳು. ಸಮಿತಿಯವರು ಉದ್ಘಾಟನೆಯ ದಿನ ಉಪ್ಪು ಮಾಡಿ ತೋರಿಸುವವರನ್ನು ಹುಡುಕುತ್ತಿದ್ದರು. ಹಳೆಯ ಕೆಲಸ ಮಾಡಿದವರಲ್ಲಿ ಇನ್ನೂ ಕೈಕಾಲು ಆಡುವವಳು ಅವ್ವ ಒಬ್ಬಳೇ. "ನಾ ಮಾಡಿಕೊಡ್ತೇನ್ರಿ. ಆದ್ರ ನಿಮ್ಮ ಸಮಿತಿ ಮಂದಿ ಎಲ್ಲಾರೂ ಬರಬೇಕು, ಎಲ್ಲಾರೂ ಬಾಯಾಗ ಹಾಕ್ಕೋಬೇಕು" ಎಂದಳು. ಸಾಹುಕಾರ ಹಲ್ಲು ಕಿರಿದ. ಅದಕ್ಕೇನಂತೆ ಅವ್ವಾ, ಪ್ರಸಾದದಂಗ ತಗೋತೀವಿ ಎಂದ.

ಅವಳು ಏನು ಹೂಡುತ್ತಿದ್ದಾಳೆಂದು ನನಗೆ ತಕ್ಷಣ ಹೊಳೆಯಿತು. ಇದು ನಡೆಯುವುದಿಲ್ಲ ಎಂದೂ ಹೊಳೆಯಿತು. ಹೇಳಿದೆ. ಅವ್ವ ಕಿವಿಗೆ ಹಾಕಿಕೊಳ್ಳಲಿಲ್ಲ. "ಉಪ್ಪು ಉಪ್ಪೇ. ಸಾಹುಕಾರನ ನಾಲಿಗೀಗೂ ಅದು ಅಷ್ಟೇ ಹತ್ತತದ" ಎಂದಳು.

ಆ ಬೇಸಿಗೆ ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಅವಳ ಹಿಂದೆ ಓಡಾಡಿದೆ. ಬೆಳಗಿನ ತಂಪಿನಲ್ಲಿ ಹೊಳೆದಂಡೆಗೆ ಹೋಗಿ ಸವಳು ಕೆರೆಯುವುದು. ಬಿಳಿ ಪದರು ಮಾತ್ರ ಬರಬೇಕು, ಕೆಳಗಿನ ಮಣ್ಣು ಸೇರಬಾರದು. ಗುಂಡಿಯನ್ನು ಬಳಿದು, ಜೊಂಡು ಹಾಸಿ, ತುಂಬಿ, ನೀರು ಸುರಿದು ಕಾಯುವುದು. ಗಡಿಗೆಗೆ ಇಳಿದ ನೀರನ್ನು ಅವ್ವ ಬೆರಳಿನಲ್ಲಿ ಅದ್ದಿ ನಾಲಿಗೆಗೆ ಹಚ್ಚಿಕೊಂಡು, "ಇನ್ನಾ ಸಪ್ಪಗದ" ಎಂದು ಮತ್ತೆ ಮಣ್ಣಿಗೇ ಸುರಿಸುತ್ತಿದ್ದಳು. ನನ್ನ ಬೆರಳ ಸಂದಿಯೆಲ್ಲ ಸೀಳಿ ಸೂಜಿ ಹಿಡಿಯಲಾಗದಂತಾಯಿತು. ಇದರಲ್ಲಿ ಹೆಮ್ಮೆಪಡುವಂಥದ್ದು ನನಗೆ ಏನೂ ಕಾಣಲಿಲ್ಲ. ಸುಡುವ ಬಿಸಿಲು, ಉರಿಯುವ ಗಾಯ, ಕೊನೆಗೆ ಒಂದಿಷ್ಟು ಕಂದು ಬಣ್ಣದ ಉಪ್ಪು. ನಮ್ಮ ಹಿರಿಯರು ಇದನ್ನು ಇಷ್ಟಪಟ್ಟು ಮಾಡಿದರು ಎಂದು ಬೋರ್ಡಿನ ಮೇಲೆ ಬರೆಯುವವರ ಕೈಗೆ ಒಂದು ದಿನ ಆ ಬುಟ್ಟಿ ಕೊಡಬೇಕು.

ಸಮಿತಿಯ ಹುಡುಗರು ಬಂದು ವಿಡಿಯೊ ಮಾಡಿಕೊಂಡು ಹೋದರು. ಅವ್ವನಿಗೆ ಹಳೆಯ ಇಳಕಲ್ ಸೀರೆ ಉಟ್ಟುಕೊಳ್ಳಲು ಹೇಳಿದರು. ಸವಳು ಕೆರೆಯುವಾಗ ಯಾರು ಇಳಕಲ್ ಉಡುತ್ತಾರೆ ಎಂದು ನಾನು ರೇಗಿದೆ. ಆ ಹುಡುಗರು ನನ್ನನ್ನು ಚೌಕಟ್ಟಿನಿಂದ ಹೊರಗೆ ನಿಲ್ಲಲು ಹೇಳಿದರು, ನನ್ನ ಮೈಮೇಲೆ ನೈಟಿ ಇತ್ತು.

ಉದ್ಘಾಟನೆಯ ದಿನ ದಿಬ್ಬದ ಬುಡದಲ್ಲಿ ಶಾಮಿಯಾನ, ಮೈಕು, ಹಾರ. ಅವ್ವ ಉಪ್ಪಿನ ಗಡಿಗೆಯನ್ನು ಸೊಂಟಕ್ಕೆ ಇಟ್ಟುಕೊಂಡು ವೇದಿಕೆ ಹತ್ತಿದಳು. ಸಾಹುಕಾರನಿಂದ ಹಿಡಿದು ಸಮಿತಿಯ ಕೊನೆಯವನವರೆಗೆ ಎಲ್ಲರೂ ಅಂಗೈ ಚಾಚಿದರು. ಒಬ್ಬೊಬ್ಬರ ಅಂಗೈಗೂ ಅವಳು ಚಿಟಿಕೆ ಇಟ್ಟಳು, ಅವರು ಬಾಯಿಗೆ ಹಾಕಿಕೊಳ್ಳುವವರೆಗೆ ಮುಂದೆ ಹೋಗಲಿಲ್ಲ. ನಮ್ಮ ಉಪ್ಪು ನುಂಗಿದ ಮೇಲೆ ಕೊಂಚ ಕಹಿ. ಮುಖ ಕಿವುಚಿದವರೂ ಕ್ಯಾಮೆರಾ ನೋಡಿ ನಕ್ಕರು. ಮುಗಿದ ಮೇಲೆ ಅವ್ವ ಯಾರೂ ಕರೆಯದಿದ್ದರೂ ಮೈಕಿನ ಹತ್ತಿರ ಹೋದಳು.

"ಸಾಹುಕಾರ್ರ, ಹೊಳಿ ಬಂದಾಗ ನೀವು ನಮ್ಮ ಪಡಸಾಲ್ಯಾಗ ಉಂಡಿದ್ದು ಮರ್ತೀರಿ ಅಂತ ಇನ್ನೊಮ್ಮಿ ತಿನ್ಸೇನಿ. ಈಗ ಎಲ್ಲಾರ ಕಣ್ಮುಂದ ನಮ್ಮ ಉಪ್ಪು ತಿಂದೀರಿ. ಇನ್ನ ನಮ್ಮ ಬಾಗಿಲಿಗೆ ಕೈ ಹಚ್ಚಂಗಿಲ್ಲ."

ಶಾಮಿಯಾನದ ತುಂಬ ಚಪ್ಪಾಳೆ. ಜನ ಅದನ್ನು ನಾಟಕದ ಮಾತು ಎಂದುಕೊಂಡರು. ಸಾಹುಕಾರ ತಾನೂ ಚಪ್ಪಾಳೆ ತಟ್ಟಿ, "ಎಷ್ಟ್ ಛಂದ ಮಾತಾಡ್ತಾಳ ನೋಡ್ರಿ ನಮ್ಮವ್ವ! ಒಂದು ಶಾಲು ತರ್ರಿ" ಎಂದ. ಅವ್ವನಿಗೆ ಶಾಲು ಹೊದಿಸಿದರು. ಬಿಸಿಲಿನಲ್ಲಿ ಆ ಉಣ್ಣೆಯ ಶಾಲು ಹೊದ್ದುಕೊಂಡು ಅವಳು ದಿಬ್ಬ ಹತ್ತಿ ಮನೆಗೆ ಬಂದಳು. ನನಗೆ ಅಳು ಬಂತು, ಅವಳು ಮಾತ್ರ ನಗುತ್ತಿದ್ದಳು. ಗೆದ್ದೆ ಎಂದೇ ಅವಳ ಲೆಕ್ಕ.

ಆ ವಾರವೇ ಅವಳು ಇಲ್ಲೇ ಉಳಿಯುವ ತಯಾರಿಗೆ ಇಳಿದಳು. ನಾನು ಕಟ್ಟಿಟ್ಟಿದ್ದ ಟ್ರಂಕನ್ನು ಬಿಚ್ಚಿ ಬಟ್ಟೆಗಳನ್ನು ಗೂಟಕ್ಕೆ ಹಾಕಿದಳು. ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಮಣ್ಣು ಹಾಕಬೇಕೆಂದು ಏಣಿ ಹತ್ತಿದಳು. ಉಪ್ಪು ತೊಳೆದು ತೆಗೆದ ನಮ್ಮ ಮಣ್ಣನ್ನು ಮಾಳಿಗೆಗೆ ಹಾಕಿ ಬಡಿದರೆ ಒಂದು ಹನಿ ಸೋರುವುದಿಲ್ಲ. ಅಕ್ಕಪಕ್ಕದ ಮನೆಯವರೆಲ್ಲ ಖಾಲಿ ಮಾಡಿ ಬಾಗಿಲು ಚೌಕಟ್ಟು ಕಿತ್ತುಕೊಂಡು ಹೋಗಿದ್ದರು. ನಡುವೆ ನಮ್ಮದೊಂದೇ ಮನೆಯ ಮೇಲೆ ಅವ್ವ ನಿಂತು ಧಪಧಪ ಮಣ್ಣು ಬಡಿಯುತ್ತಿದ್ದಳು. ಕಾಕಾ ಕೆಳಗೆ ಬಂದು ತಲೆ ಎತ್ತಿ ನೋಡಿ ಹೋದ.

ಜೆಸಿಬಿ ಹಗಲಿನಲ್ಲೇ ಬಂತು. ಮುಂದೆ ಬೈಕಿನಲ್ಲಿ ಸಾಹುಕಾರ, ಹಿಂದೆ ಆ ಹಳದಿ ಯಂತ್ರ. ಅವ್ವ ಬಾಗಿಲಲ್ಲಿ ನಿಂತು ಅವನನ್ನು ದಿಟ್ಟಿಸಿ ನೋಡಿದಳು. ಅವನ ಮುಖದಲ್ಲಿ ನಾಚಿಕೆಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಅವನಿಗೆ ಏನೂ ನೆನಪಿರಲಿಲ್ಲ, ಅಷ್ಟೆ. "ಸಾಮಾನು ಹೊರಗ ಇಟ್ಕೋರೆವ್ವಾ, ಲಗೂನ ಆಗ್ಲಿ" ಎಂದ. ಅವ್ವನ ಕೈ ಬಾಗಿಲ ಚೌಕಟ್ಟಿನಿಂದ ಮೆಲ್ಲಗೆ ಜಾರಿತು. ಅವಳು ಸೋತದ್ದನ್ನು ನಾನು ಅಲ್ಲಿ ಮೊದಲ ಸಲ ಕಂಡೆ.

ನಾನು ಸುಮ್ಮನಿರಲಿಲ್ಲ. ಹೊಸ್ತಿಲ ಮೇಲೆ ಕೂತುಬಿಟ್ಟೆ. ಹೊಡೀರಿ ನೋಡೋಣ ಎಂದು ಕೂಗಿದೆ. ಜೆಸಿಬಿಯವನು ಎಂಜಿನ್ ಬಂದ್ ಮಾಡಿ ಕೆಳಗೆ ಇಳಿದ. ಸೈದಾಪುರದ ಕಡೆಯವನು, ಮೀಸೆ ನೆರೆಯತೊಡಗಿದ ಆಳು. ಬಿಸಿಲಿಗೆ ಮುಖ ಬಾಡಿತ್ತು. "ಯವ್ವಾ, ಒಂದೀಟು ಮಜ್ಜಗಿ ಇದ್ರ ಕೊಡ್ರಿ" ಎಂದು ಅವ್ವನನ್ನು ಕೇಳಿದ.

ಮನೆ ಕೆಡವಲು ಬಂದವನು ಮಜ್ಜಿಗೆ ಕೇಳುತ್ತಾನೆ. ನನಗೆ ಅವನನ್ನು ಉಗಿಯಬೇಕೆನಿಸಿತು. ಅವ್ವ ಒಳಗೆ ಹೋಗುತ್ತಾ ಕೇಳಿದಳು, "ಯಾರ ಪೈಕಿಯಪ್ಪಾ ನೀ?"

"ನಮ್ಮವ್ವನ ತವರು ಭೀಮಾ ದಂಡಿರಿ. ಅವರೂ ನಿಮ್ಹಂಗ ಸವಳು ಕೆರಿಯೋ ಮಂದಿನೇ."

ನಾನು ತಟ್ಟನೆ ತಲೆ ಎತ್ತಿದೆ. ನಮ್ಮವನು. ಹಾಗಾದರೆ ಕಟ್ಟಳೆ ಗೊತ್ತಿರುವವನು. ಅವನ ಬಾಯಿಗೆ ಒಂದು ಚಿಟಿಕೆ ಉಪ್ಪು ಬಿದ್ದರೆ ಇವತ್ತು ಆ ಯಂತ್ರ ಹತ್ತಲಾರ. ನಾಳೆ ಬೇರೆಯವನು ಬರಬಹುದು. ಇವತ್ತು ಒಂದು ದಿನವಾದರೂ, ಒಬ್ಬನಾದರೂ, ಆ ಸಾಹುಕಾರನ ಎದುರು ನಮ್ಮ ಉಪ್ಪಿಗೆ ಬೆಲೆ ಇದೆ ಎಂದು ತೋರಿಸುತ್ತಾನೆ. ಅಷ್ಟು ಸಾಕಿತ್ತು ನನಗೆ. ಎದ್ದು ಒಳಗೆ ಓಡಿದೆ. ಅವ್ವ ಜೀರಿಗೆ ಕುಟ್ಟಿ ಹಾಕಿ, ಕೊತ್ತಂಬರಿ ಹರಿದು ಹಾಕಿದ್ದಳು. ಕೈ ಉಪ್ಪಿನ ಗಡಿಗೆಯ ಮೇಲಿತ್ತು.

"ಹಾಕವ್ವಾ" ಎಂದೆ.

ಅವಳು ಗಡಿಗೆಯ ಮುಚ್ಚಳ ತೆಗೆಯಲಿಲ್ಲ. ತಂಬಿಗೆ ಎತ್ತಿಕೊಂಡು ಹೊರಗೆ ನಡೆದಳು. ನಾನು ಮತ್ತೆ ಹೊಸ್ತಿಲ ಮೇಲೆ ಬಂದು ಕೂತೆ.

ಅವನು ಒಂದು ಗುಟುಕು ಕುಡಿದು ನಿಂತ. ತಂಬಿಗೆಯ ಒಳಗೆ ನೋಡಿದ, ಅವ್ವನನ್ನು ನೋಡಿದ. "ಉಪ್ಪು ಇಲ್ಲಲ್ರಿ" ಎಂದ, ಬಹಳ ಸಣ್ಣ ದನಿಯಲ್ಲಿ.

"ಇಲ್ಲ. ಮಕ್ಕಳದಾವೇನಪ್ಪಾ?"

"ಅದಾವ್ರಿ."

"ಹಂಗಾದ್ರ ಕುಡಿ."

ಅವನು ಕುಡಿದ. ತಂಬಿಗೆಯನ್ನು ತಾನೇ ತೊಳೆದು ಕಟ್ಟೆಯ ಮೇಲೆ ಕವುಚಿ ಇಟ್ಟ. ಸಾಹುಕಾರ ನೆರಳಿನಲ್ಲಿ ನಿಂತು ಫೋನಿನಲ್ಲಿ ಯಾರ ಜೊತೆಗೋ ನಗುತ್ತಿದ್ದ. ಅವ್ವ ನನ್ನ ರಟ್ಟೆ ಹಿಡಿದು ಹೊಸ್ತಿಲಿನಿಂದ ಎಬ್ಬಿಸಿದಳು. ಹೊಸದಾಗಿ ಬಡಿದ ಮಾಳಿಗೆ ಒಂದೇ ಏಟಿಗೆ ಬೀಳಲಿಲ್ಲ. ಗಟ್ಟಿಯಾಗಿ ಬಡಿದಿದ್ದಳು.

ದಿಬ್ಬದ ಮೇಲೆ ಈಗ ಬೇಲಿ ಇದೆ, ಬೋರ್ಡಿದೆ. ಬೋರ್ಡಿನಲ್ಲಿ ಇಳಕಲ್ ಸೀರೆಯ ಅವ್ವ ಸಾಹುಕಾರನ ಅಂಗೈಗೆ ಉಪ್ಪು ಇಡುತ್ತಿರುವ ಫೋಟೊ ಇದೆ. ನಾವು ಕಾಲುವೆಯ ಪಕ್ಕದ ತಗ್ಗಿನಲ್ಲಿದ್ದೇವೆ. ಹೋದ ಮಳೆಗಾಲದಲ್ಲಿ ಹೊಳೆ ಏರಿದಾಗ ನಮ್ಮ ಮನೆಯಲ್ಲಿ ಪಾತ್ರೆ ತೇಲಿದವು. ದಿಬ್ಬದ ಗೇಟಿಗೆ ಬೀಗ ಹಾಕಿತ್ತು. ಶಾಲೆಯ ವರಾಂಡದಲ್ಲಿ ಒದ್ದೆ ಹಾಸಿಗೆಯ ಮೇಲೆ ಕೂತು ನಾನು ಅವ್ವನನ್ನು ಕೇಳಿಯೇಬಿಟ್ಟೆ, ಅಷ್ಟು ದಿನ ಬಾಯಲ್ಲಿಟ್ಟುಕೊಂಡಿದ್ದನ್ನು.

"ಅವತ್ತು ಯಾಕ ಹಾಕಲಿಲ್ಲ ನೀ? ಒಂದು ಚಿಟಿಕಿ ಹಾಕಿದ್ರ ಅವ ಇಳಿದು ಹೋಗ್ತಿದ್ದ."

"ಹೋಗ್ತಿದ್ದ" ಎಂದಳು ಅವ್ವ. "ಅವನ ಕೆಲಸಾನೂ ಹೋಗ್ತಿತ್ತು. ಮರಿಯೋ ಮಂದಿಗೆಲ್ಲ ಹಾಕಿದೆ, ಏನೂ ಆಗಲಿಲ್ಲ. ನೆನಪಿಡೋನು ಒಬ್ಬ ಸಿಕ್ಕಿದ್ದ, ಅವನ ಹೊಟ್ಟಿ ಮ್ಯಾಲ ಹೊಡಿಲೇನು?"

ಅವಳ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ, ಸಾಹುಕಾರನ ಮೇಲಿನದಂತೂ ಸಾಯುವವರೆಗೆ ಇಳಿಯುವುದಿಲ್ಲ. ಬೆಳಗಾದ ಮೇಲೆ ಪೇಟೆಯವರು ದೊಡ್ಡ ಪಾತ್ರೆಯಲ್ಲಿ ಚಿತ್ರಾನ್ನ ತಂದು ವರಾಂಡದಲ್ಲಿ ಹಂಚಿದರು. ಓಣಿಯವರೆಲ್ಲ ಹಸಿದಿದ್ದರು, ಕಾಕಾನೂ ತಟ್ಟೆ ಹಿಡಿದ. ಅವ್ವ ತನ್ನ ತಟ್ಟೆಯನ್ನು ಪಕ್ಕದವರ ಮಕ್ಕಳ ಮುಂದೆ ಸರಿಸಿ, ಸೆರಗಿನ ಗಂಟಿನಿಂದ ಒಂದು ಬೆಲ್ಲದ ಹರಳು ತೆಗೆದು ಅರ್ಧ ಮುರಿದು ನನ್ನ ಕೈಗೆ ಇಟ್ಟಳು. ಇಬ್ಬರೂ ಅದನ್ನೇ ತಿಂದು ನೀರು ಕುಡಿದೆವು.